ಬೆಳ್ಳಗಿದ್ದರೆ ಮನುಷ್ಯ

ಅವತ್ತು ಠಾಣೆಯ ಅಂಗಳದಲ್ಲಿ ನಾವು ಐದು ಮಂದಿ ಇದ್ದೆವು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಅಗ್ನಿಶಾಮಕ ಠಾಣೆಯ ಅಧಿಕಾರಿ, ನಾವೆಲ್ಲ ಸಾಹೇಬರು ಅನ್ನುವವರು. ನೀರಿನ ಗಾಡಿ ಓಡಿಸುವ ಡ್ರೈವರ್ ಕಾಕಾ. ನನ್ನ ಜೊತೆ ಪೈಪು ಹಿಡಿಯುವ ಜೋಡಿ, ಬಬಲೇಶ್ವರದವನು, ಅದಕ್ಕೇ ಠಾಣೆಯಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಬಬಲೇಶ್ವರ ಅಂತ. ಹೊಸ ಕ್ಯಾಮೆರಾ ತೋರಿಸಿಕೊಡಲು ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬರು. ಮತ್ತೆ ನಾನು. ವಿಜಯಪುರದ ಜನವರಿ ಮುಂಜಾನೆ, ಗಾಡಿಯ ಬಾನೆಟ್ಟು ಮುಟ್ಟಿದರೆ ಬೆರಳು ಜುಂ ಅನ್ನುವಂಥ ಚಳಿ. ಕಾಕಾ ತಲೆಗೆ ಮಫ್ಲರು ಸುತ್ತಿಕೊಂಡು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಹುಬ್ಬಳ್ಳಿಯವರು ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದರು. ಜೋಳದ ರೊಟ್ಟಿ ಬಡಿಯುವ ಮರದ ಕೊಣಮಿಗೆಯಷ್ಟೇನೂ ದೊಡ್ಡದಲ್ಲ, ಒಂದು ಕೈಯಲ್ಲಿ ಹಿಡಿಯುವಂಥದ್ದು, ಹಿಂದೆ ಸಣ್ಣ ಪರದೆ.

"ಇದು ಬೆಳಕ ನೋಡೂದಿಲ್ರಿ, ಬಿಸಿ ನೋಡತೈತಿ. ಹೊಗಿ ಎಷ್ಟ ಇರಲಿ, ಅದರ ಆಚಿ ಏನೈತಿ ತೋರಸ್ತದ," ಎಂದರು.

ಬಿಸಿ ನೋಡುತ್ತದೆ ಅಂದ ಕೂಡಲೇ ನನಗೆ ನಮ್ಮೂರು ಕಳ್ಳಕವಟಗಿಯ ಅಜ್ಜಿ, ನಮ್ಮ ಆಯಿ, ನೆನಪಾದಳು. ನನಗೆ ಮಾತು ಬಂದದ್ದೇ ಅವಳ ಮಡಿಲಲ್ಲಿ. ಆಕೆ ಬಿಸಿ ಅನ್ನುವ ಒಂದೇ ಮಾತನ್ನು ಎಲ್ಲದಕ್ಕೂ ಹಚ್ಚುತ್ತಿರಲಿಲ್ಲ. ಹಂಚಿಗೆ ಕಾವು, ಬಿಸಿಲಿಗೆ ಝಳ, ಒಲೆಗೆ ಉರಿ, ಜ್ವರ ಬಂದ ಹುಡುಗನ ಹಣೆಗೆ ಕೈಯಿಟ್ಟರೆ 'ಮೈ ಬೆಚ್ಚಗೈತಿ'. ಒಂದರ ಮಾತು ಇನ್ನೊಂದಕ್ಕೆ ಆಡಿದರೆ ನಗುತ್ತಿದ್ದಳು. ಈ ಕ್ಯಾಮೆರಾ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಚೆನ್ನಾಗಿತ್ತು.

ಸಾಮಾನಿನ ಕೋಣೆಯಲ್ಲಿ ಹಸಿ ಹುಲ್ಲು ಸುಟ್ಟು ಹೊಗೆ ತುಂಬಿಸಿದೆವು. ಒಳಗೆ ಕಾಕಾ ಹೋಗಿ ಕೂತರು. ಬಾಗಿಲಲ್ಲಿ ನಿಂತು ಕ್ಯಾಮೆರಾ ಹಿಡಿದರೆ ಕಪ್ಪು ಗೋಡೆ, ಕಪ್ಪು ನೆಲ, ನಟ್ಟನಡುವೆ ಸುಣ್ಣ ಬಳಿದಂತೆ ಬೆಳ್ಳಗೆ ಒಬ್ಬ ಮನುಷ್ಯ. ಕೈಯಲ್ಲಿದ್ದ ಚಹಾದ ಲೋಟ ಇನ್ನೂ ಬೆಳ್ಳಗೆ.

"ಕಾಕಾ, ಹುಟ್ಟಿದಾಗಿಂದ ಇವತ್ತ ನೋಡ್ರಿ ನೀವು ಬೆಳ್ಳಗ ಆಗಿದ್ದು!" ಎಂದ ಬಬಲೇಶ್ವರ.

ಕಾಕಾ ಒಳಗಿಂದ ಕೆಮ್ಮುತ್ತಲೇ, "ಒಂದ ಫೋಟೋ ತಗಿ ಮಗನ, ನಿಮ್ಮ ಕಾಕೂಗ ತೋರಸ್ತೀನಿ. ಮದಿವ್ಯಾದಾಗಿಂದ ಕರಿಯಾ ಅಂತ ಕರಿಯಾಕತ್ತಾಳ," ಎಂದರು.

ಎಲ್ಲರೂ ನಕ್ಕೆವು. ಆಮೇಲೆ ಬಟನ್ನಿನ ವಿಷಯ ಬಂತು. ಇದ್ದದ್ದು ಒಂದೇ ಬಟನ್ನು. ಒತ್ತಿದಂತೆಲ್ಲ ಚಿತ್ರದ ರೀತಿ ಬದಲಾಗುತ್ತದೆ. ಒಂದರಲ್ಲಿ ಬಿಸಿಯಾದದ್ದು ಬೆಳ್ಳಗೆ, ತಂಪಾದದ್ದು ಕಪ್ಪಗೆ. ಮತ್ತೊಮ್ಮೆ ಒತ್ತಿದರೆ ಅದರ ತಿರುಗಾಮುರುಗಾ. ಇನ್ನೊಮ್ಮೆ ಒತ್ತಿದರೆ ಬಹಳ ಕಾದದ್ದಕ್ಕೆ ಮಾತ್ರ ಹಳದಿ, ಕೆಂಪು ಬಣ್ಣ ಬರುತ್ತದೆ. ಇದಲ್ಲದೆ, ಜೋರಾದ ಉರಿ ಎದುರಿಗೆ ಬಂದರೆ ಕ್ಯಾಮೆರಾ ತಾನೇ ತನ್ನ ಕಣ್ಣನ್ನು ಮಂದ ಮಾಡಿಕೊಳ್ಳುತ್ತದೆ, ಪರದೆಯ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಮೂಡುತ್ತದೆ. ಆಗ ಉರಿ ಸ್ಪಷ್ಟವಾಗಿ ಕಂಡರೂ ಮನುಷ್ಯ, ನೆಲ, ಗೋಡೆಗಳ ನಡುವಿನ ಸಣ್ಣ ವ್ಯತ್ಯಾಸ ಮಾಸಿಹೋಗುತ್ತದೆ. ಹುಬ್ಬಳ್ಳಿಯವರು ಇದನ್ನೆಲ್ಲ ಸಮಾಧಾನವಾಗಿಯೇ ಹೇಳಿದರು.

ಸಾಹೇಬರು ಕೇಳಿದರು, "ಇದರಾಗ ನಮಗ ಯಾವದು ಬೇಕು? ಒಂದ ಹೇಳ್ರಿ."

"ಅದು ಜಾಗಾದ ಮ್ಯಾಲೆ, ಹೊತ್ತಿನ ಮ್ಯಾಲೆ ಐತ್ರಿ ಸಾಹೇಬ್ರ."

"ನಮ್ಮ ಮಂದಿ ಹೊಗಿಯೊಳಗ ನಿಂತು ಜಾಗಾ ಯಾವದು, ಹೊತ್ತ ಯಾವದು ಅಂತ ವಿಚಾರ ಮಾಡ್ಕೋತ ಇರಬೇಕೇನ್ರಿ? ಕಾಕಾ ಕಂಡ್ರಲ್ಲ, ಅದ ಇರಲಿ. ಅದನ್ನ ಹಚ್ಚಿ ಬಿಡ್ರಿ."

ನಮ್ಮ ಠಾಣೆಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಒತ್ತಿ ಕೆಡಿಸಬಹುದಾದದ್ದಕ್ಕೆಲ್ಲ ಟೇಪು. ವಾಕಿಟಾಕಿಯ ಚಾನೆಲ್ ತಿರುಗಿಸುವ ಗುಂಡಿಗೆ ಟೇಪು, ಸೈರನ್ನಿನ ಎರಡನೇ ಸ್ವಿಚ್ಚಿಗೆ ಟೇಪು, ಸಾಹೇಬರ ಕೋಣೆಯ ಫ್ಯಾನಿನ ರೆಗ್ಯುಲೇಟರಿಗೂ ಟೇಪು. ಒಮ್ಮೆ ಕರೆಯ ಹೊತ್ತಿನಲ್ಲಿ ಚಾನೆಲ್ಲು ಸರಿದುಹೋಗಿ ಗಾಡಿ ಬೇರೆ ದಾರಿ ಹಿಡಿದಿತ್ತಂತೆ, ಅಂದಿನಿಂದ ಬಂದದ್ದು. ಹಾಗೆ ಕ್ಯಾಮೆರಾದ ಬಟನ್ನಿಗೂ ಕರೆಂಟಿನ ಕರಿ ಟೇಪು ಬಿತ್ತು. ಸುತ್ತಿದವನು ನಾನೇ, ಎರಡು ಸುತ್ತು. ನನ್ನ ಅಕ್ಷರ ದುಂಡಗಿದೆ ಎಂದು ಕ್ಯಾಮೆರಾ ಇಡುವ ಕಪಾಟಿನ ಬಾಗಿಲ ಒಳಬದಿಗೆ ಹಚ್ಚುವ ಚೀಟಿಯನ್ನೂ ನನ್ನಿಂದಲೇ ಬರೆಸಿದರು. 'ಬೆಳ್ಳಗಿದ್ದರೆ ಮನುಷ್ಯ' ಎಂದು ಬರೆದೆ.

ಮಾರ್ಚಿನಿಂದ ಬಣವೆಗಳ ಬೆಂಕಿ ಶುರುವಾಯಿತು. ಇಟ್ಟಂಗಿಹಾಳದಲ್ಲಿ ಎರಡು, ಭೂತನಾಳದ ಕಡೆ ಒಂದು. ದನಗಳ ಮೇವಿನ ಬಣವೆಗೆ ಬೆಂಕಿ ಬಿದ್ದರೆ ಮೇಲೆ ಆರಿದಂತೆ ಕಂಡರೂ ಹೊಟ್ಟೆಯೊಳಗೆ ಕುದಿಯುತ್ತಿರುತ್ತದೆ. ಮೊದಲೆಲ್ಲ ಇಡೀ ಬಣವೆಯನ್ನು ಬಿಚ್ಚಿ ಹರವಬೇಕಿತ್ತು. ಈಗ ಕ್ಯಾಮೆರಾ ಹಿಡಿದರೆ ಒಳಗಿನ ಕೆಂಡ ಬೆಳ್ಳಗೆ ಕಾಣುತ್ತಿತ್ತು, ಅಲ್ಲಿಗೇ ನೀರು ಹೊಡೆದರೆ ಆಯಿತು. ಉಳಿದ ಮೇವು ಉಳಿಯಿತು ಎಂದು ಇಟ್ಟಂಗಿಹಾಳದ ಮುದುಕರೊಬ್ಬರು ನಮಗೆಲ್ಲ ಮಜ್ಜಿಗೆ ಕುಡಿಸಿದರು. ಬೆಳ್ಳಗಿದ್ದ ಕಡೆ ಹೋಗು, ಬೆಳ್ಳಗಿದ್ದದ್ದನ್ನು ಅಗೆ. ಎರಡು ತಿಂಗಳು ಕಣ್ಣಿಗೆ ಅದೇ ರೂಢಿಯಾಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಕಳ್ಳಕವಟಗಿಯ ಕಡೆ ಇಂಥದೇ ಒಂದು ಬಣವೆ ಆರಿಸಿ, ಅಲ್ಲಿನ ಹೊಂಡದಿಂದ ಗಾಡಿಗೆ ಮತ್ತೆ ನೀರು ತುಂಬಿಸಿಕೊಂಡು ತಿರುಗಿ ಬರುತ್ತಿದ್ದೆವು. ಸಾಹೇಬರು ಅವತ್ತು ಠಾಣೆಯಲ್ಲೇ ಉಳಿದಿದ್ದರು. ತಿಕೋಟಾ ಹತ್ತಿರ ಬಂದಾಗ ವಾಕಿಟಾಕಿಯಲ್ಲಿ ಅವರ ಧ್ವನಿ ಬಂತು. ಬಬಲೇಶ್ವರದ ದಾರಿಯಲ್ಲಿ ಒಂದು ಒಣದ್ರಾಕ್ಷಿ ಶೆಡ್ಡಿಗೆ ಬೆಂಕಿ. ನಾವು ದಾರಿಯಲ್ಲೇ ಇದ್ದುದರಿಂದ ಹತ್ತು ನಿಮಿಷದೊಳಗೆ ಮುಟ್ಟಿದೆವು.

ಗೋಡೆ, ಮಾಡು ಎಲ್ಲ ತಗಡೇ ಆದ ಉದ್ದನೆಯ ಪತ್ರಾಸಿನ ಶೆಡ್ಡು. ಒಣಗಿದ ದ್ರಾಕ್ಷಿಯನ್ನು ಅಲ್ಲಿ ಜರಡಿ ಹಿಡಿದು, ಕಡ್ಡಿ ಆರಿಸಿ, ರಟ್ಟಿನ ಡಬ್ಬಿಗಳಿಗೆ ತುಂಬುತ್ತಾರೆ. ಬೆಂಕಿ ಹತ್ತಿದ್ದು ಮುಂಭಾಗದ ರಟ್ಟಿನ ರಾಶಿಗೆ. ಹಿಂದಿನ ಅರ್ಧಕ್ಕೆ ಉರಿ ಇನ್ನೂ ಹೋಗಿರಲಿಲ್ಲ, ಹೊಗೆ ಹೋಗಿತ್ತು. ಕೆಲಸದ ಹೆಂಗಸರು ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗಿದ್ದರು, ಹಾಗಾಗಿ ಹೊರಗೇ ಇದ್ದರು. ಒಬ್ಬಳನ್ನು ಬಿಟ್ಟು.

ಗಾಡಿ ನಿಲ್ಲುವ ಮೊದಲೇ ನಲವತ್ತರ ಸುಮಾರಿನ ಹೆಂಗಸೊಬ್ಬಳು ಬಾಗಿಲು ಹಿಡಿದುಕೊಂಡಳು. "ನಮ್ಮ ನೆಗೆಣ್ಣಿ ಒಳಗದಾಳ್ರಿ ಯಣ್ಣಾ. ತಲಿ ನೋಯಾಕತ್ತೈತಿ ಅಂತ ಹಿಂದ ಹೋಗಿ ಮಲಗ್ಯಾಳ. ನಾನ ಕಳಿಸೇನ್ರಿ, ಹೋಗ ಬೇ ಒಂದ ಘಳಿಗಿ ಮಲಕೋ ಅಂತ ನಾನ ಕಳಿಸೇನಿ."

ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಅಣ್ಣತಮ್ಮಂದಿರ ಹೆಂಡಂದಿರು. ಒಳಗಿದ್ದವಳು ಕಿರಿಯಳು.

ಕಾಕಾ ಪಂಪು ಹಚ್ಚಿದರು. ನಾನೂ ಬಬಲೇಶ್ವರನೂ ಉಸಿರಾಟದ ಸಿಲಿಂಡರು ಬೆನ್ನಿಗೇರಿಸಿ, ಮುಖವಾಡ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಒಳಗೆ ಹೋದೆವು. ಮುಂದೆ ನಾನು, ಕ್ಯಾಮೆರಾ ನನ್ನ ಕೈಯಲ್ಲಿ, ಹಿಂದೆ ಪೈಪು ಹಿಡಿದ ಬಬಲೇಶ್ವರ. ಪರದೆ ನೋಡಿದೆ. ಎಲ್ಲವೂ ಬೆಳ್ಳಗಿತ್ತು. ಮುಂಜಾನೆಯಿಂದ ಬಿಸಿಲು ಕುಡಿದ ಪತ್ರಾಸಿನ ಗೋಡೆ ಬೆಳ್ಳಗೆ, ಮಾಡು ಬೆಳ್ಳಗೆ, ಕಬ್ಬಿಣದ ಕಂಬ ಬೆಳ್ಳಗೆ. ಮೂಲೆಯಲ್ಲಿ ತ್ರಿಕೋನ ಮೂಡಿತು, ಎಡಗಡೆ ಉರಿ ಇತ್ತಲ್ಲ. ಉರಿಗೆ ಬೆನ್ನು ಮಾಡಿ ಕ್ಯಾಮೆರಾ ತಗ್ಗಿಸಿ ಹಿಡಿದೆ. ಹಿಂದಿನ ಮೂಲೆಯಲ್ಲಿ ಮನುಷ್ಯರ ಉದ್ದದ್ದೇ ಒಂದು ಬಿಳಿ ಕಂಡಿತು. ತೆವಳಿಕೊಂಡು ಅಲ್ಲಿಗೆ ಹೋದೆವು. ಕೈ ಹಾಕಿದರೆ ಜರಡಿ ಯಂತ್ರದ ಮೋಟರು. ಮುಂಜಾನೆಯಿಂದ ಓಡಿ ಕಾದಿತ್ತು. ಅದರ ಆಚೆ ಇನ್ನೊಂದು ಬಿಳಿ. ಅದು ಗೋಡೆಗೆ ಆನಿಸಿದ್ದ ತಗಡಿನ ಬಾಗಿಲು.

ತಿರುಗಿ ಬರುವಾಗ ಪ್ಲಾಸ್ಟಿಕ್ ಕ್ರೇಟುಗಳ ಸಾಲಿನ ಹಿಂದೆ ನೆಲದ ಮೇಲೆ ಉದ್ದಕ್ಕೆ ಒಂದು ಕಪ್ಪು ಕಂಡಿತು.

ಬಬಲೇಶ್ವರ ನನ್ನ ಭುಜ ತಟ್ಟಿ ಮುಖವಾಡದೊಳಗಿಂದಲೇ ಕೂಗಿದ, "ಅದೇನಲೇ ಅಲ್ಲಿ?"

"ನೀರು," ಎಂದೆ. ನಮ್ಮ ಪೈಪಿನ ನೀರು ಹರಿದು ನಿಂತಿದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಹೊರಗೆ ಬಂದು ಮುಖವಾಡ ತೆಗೆದು, "ಒಳಗ ಯಾರೂ ಇಲ್ಲ ಬೇ, ಎಲ್ಯಾರ ಹೊರಗ ಹೋಗಿರಬೇಕು ನೋಡು," ಎಂದೆ.

"ಎಲ್ಲಿ ಹೋಗ್ತಾಳ್ರಿ? ಆಕಿ ಚಪ್ಪಲಿ ಇಲ್ಲೇ ಅದಾವ." ಬಾಗಿಲ ಬಳಿಯ ಚಪ್ಪಲಿ ತೋರಿಸಿದಳು. ಆಮೇಲೆ ಕೇಳಿದಳು, "ಗೋಣಿ ಎತ್ತಿ ನೋಡಿದ್ರೇನು?"

"ಯಾವ ಗೋಣಿ?"

"ಹಸಿ ಗೋಣಿ ಹೊಚ್ಚಗೊಂಡು ಮಲಗ್ತಾಳ್ರಿ ಆಕಿ, ತಲಿ ಮ್ಯಾಲಿಂದ ಹೊಚ್ಚಗೊಂಡು. ಈ ಧಗಿಯೊಳಗ ಹ್ಯಾಂಗ ಮಲಗಬೇಕು ಮತ್ತ? ನಾವೆಲ್ಲಾ ಹಂಗ ಮಲಗೂದ್ರಿ."

ನಾವೆಲ್ಲ ಹಾಗೆಯೇ ಮಲಗುವುದು. ಕಳ್ಳಕವಟಗಿಯ ನಮ್ಮ ಪಡಸಾಲೆಯಲ್ಲಿ ನಮ್ಮಜ್ಜ, ಮುತ್ಯಾ, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಧೋತರವನ್ನು ಕೊಡದ ನೀರಿನಲ್ಲಿ ಅದ್ದಿ, ಹಿಂಡಿ, ತಲೆಯಿಂದ ಕಾಲಿನವರೆಗೆ ಹೊದ್ದು ಮಲಗುತ್ತಿದ್ದ. ಒಣಗಿದರೆ ನನ್ನನ್ನು ಕೂಗಿ ಮೇಲೆ ನೀರು ಚಿಮುಕಿಸಲು ಹೇಳುತ್ತಿದ್ದ. ಎಷ್ಟು ಬೇಸಿಗೆ ಆ ಕೆಲಸ ಮಾಡಿದ್ದೇನೋ ಲೆಕ್ಕವಿಲ್ಲ. ಆ ಮಧ್ಯಾಹ್ನ ಶೆಡ್ಡಿನೊಳಗೆ ಇದು ನನಗೆ ನೆನಪಾಗಲಿಲ್ಲ. ಬಿಸಿಲಿಗೆ ಗೋಡೆಗಳೇ ಮನುಷ್ಯನ ಮೈಗಿಂತ ಹೆಚ್ಚು ಕಾದಿರುವ ಊರು ನಮ್ಮದು. ಇಲ್ಲಿ ಈ ಹೊತ್ತಿನಲ್ಲಿ ಮನುಷ್ಯನೇ ತಂಪು. ಹಸಿ ಗೋಣಿಯ ಕೆಳಗಿನ ಮನುಷ್ಯ ಇನ್ನೂ ತಂಪು.

ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಒಳಗೆ ನುಗ್ಗಲು ಹೊರಟಿದ್ದಳು. ಕಾಕಾ ಅಡ್ಡ ನಿಂತು ತಡೆದರು. ನಾನು ಕ್ಯಾಮೆರಾದ ಟೇಪನ್ನು ಹಲ್ಲಿನಿಂದ ಕಿತ್ತು, ತಂಪಾದದ್ದು ಬೆಳ್ಳಗೆ ಕಾಣುವಂತೆ ಬಟನ್ನು ಒತ್ತಿದೆ. ಮುಖವಾಡ ಹಾಕಿಕೊಂಡು ಮತ್ತೆ ಒಳಗೆ ಹೋದೆವು. ಪರದೆಯ ತುಂಬ ಕಪ್ಪು, ಕ್ರೇಟುಗಳ ಹಿಂದೆ ಒಂದೇ ಒಂದು ಉದ್ದನೆಯ ಬಿಳಿ. ಹುಡುಕುವ ಕೆಲಸವೇ ಇರಲಿಲ್ಲ. ನೇರವಾಗಿ ಹೋಗಿ ಎತ್ತಿಕೊಂಡು ಬಂದೆವು. ಗೋಣಿ ಇನ್ನೂ ಒದ್ದೆ ಇತ್ತು.

ಉಸಿರಿತ್ತು. ಆಂಬುಲೆನ್ಸು ಬಂತು, ವಿಜಯಪುರದ ದೊಡ್ಡಾಸ್ಪತ್ರೆಗೆ ಒಯ್ದರು. ಹಿರಿಯ ನೆಗೆಣ್ಣಿ ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಜೊತೆಗೆ ಹತ್ತಿದಳು. ನಾವು ಉಳಿದ ಬೆಂಕಿ ಆರಿಸಿ, ಪೈಪು ಸುತ್ತಿ, ಬಿಸಿಲಿಳಿಯುವ ಹೊತ್ತಿಗೆ ಠಾಣೆಗೆ ಬಂದೆವು.

ಮೂರನೆಯ ದಿನ ಆಕೆ ತೀರಿಕೊಂಡಳು.

ಸುದ್ದಿಯನ್ನು ಕಾಕಾ ಹೇಳಿದರು. ನಾನಾಗ ಪೈಪುಗಳನ್ನು ತೊಳೆದು ಒಣಹಾಕುತ್ತಿದ್ದೆ. ಹೂಂ ಅಂದೆ. ಉಳಿದ ಎರಡು ಪೈಪನ್ನೂ ಹಾಕಿ ಮುಗಿಸಿದೆ. ಅಳು ಬರಲಿಲ್ಲ. ಮನೆಗೆ ಹೋಗಿ ಊಟ ಮಾಡಿದೆ. ಹೆಂಡತಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ, ಆಕೆ ಉಣ್ಣಲು ಕೂತಾಗ ಗೊತ್ತಾಯಿತು. "ನೀವು ಸುಮ್ಮನ ಉಂಡ್ರಲ್ಲ?" ಎಂದಳು. ನನಗೆ ಗೊತ್ತೇ ಆಗಿರಲಿಲ್ಲ. ಅಂದಿನಿಂದ ಬಹಳ ದಿನ ಹಾಗೇ ಇತ್ತು. ಕರೆ ಬಂದರೆ ಹೋಗುತ್ತಿದ್ದೆ, ಬರುತ್ತಿದ್ದೆ. ಠಾಣೆಯಲ್ಲಿ ಕಥೆ ಹೇಳುವವನು ಅಂತ ನನಗೆ ಹೆಸರಿತ್ತು. ಊಟದ ಹೊತ್ತಿನಲ್ಲಿ ಬಬಲೇಶ್ವರ ಒಂದೆರಡು ಸಲ, "ಏನರ ಹೇಳೋ ಮಾರಾಯಾ, ಸ್ಮಶಾನ ಆಗೈತಿ ಠಾಣೆ," ಎಂದ. ಹೇಳಲು ಬಾಯಿ ತೆರೆದರೆ ಮಾತು ಇರುತ್ತಿತ್ತು, ಅದನ್ನು ಹೇಳಬೇಕು ಅಂತ ಮಾತ್ರ ಅನ್ನಿಸುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಸಾಹೇಬರಿಗೆ ಹೇಳಿದ್ದರಂತೆ, ಮೂಗು ಬಾಯಿಯ ಮೇಲೆ ಹಸಿ ಗೋಣಿ ಇದ್ದುದರಿಂದಲೇ ಅಷ್ಟು ಹೊತ್ತು ಉಸಿರು ಉಳಿದಿತ್ತು ಎಂದು. ಇನ್ನೂ ಸ್ವಲ್ಪ ಮೊದಲು ತಂದಿದ್ದರೆ ಏನಾಗುತ್ತಿತ್ತು ಎಂದು ಸಾಹೇಬರು ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ವರದಿ ಬರೆಯುವ ಕೆಲಸ ನನ್ನದೇ. ಸಾಹೇಬರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. "ಎರಡು ಸಲ ಒಳಗ ಹೋದ್ವಿ ಅಂತ ಬರೀಬೇಕಂತೇನಿಲ್ಲ. ಒಳಗೆ ಶೋಧಿಸಿ ಹೊರತಂದೆವು ಅಂತ ಬರಿ. ಅದೂ ಸುಳ್ಳಲ್ಲ," ಎಂದರು.

ನಾನು ಬರೆದೆ. ಮೊದಲ ಸಲ ಒಳಹೋಗಿದ್ದು, ಯಾರೂ ಇಲ್ಲವೆಂದು ಹೊರಬಂದದ್ದು, ಆಕೆಯ ನೆಗೆಣ್ಣಿ ಹೇಳಿದ ಮೇಲೆ ಎರಡನೇ ಸಲ ಹೋಗಿ ತಂದದ್ದು, ನಡುವೆ ಹೋದ ಆರು ನಿಮಿಷ. ಬರೆದದ್ದರಲ್ಲಿ ನನ್ನ ಧೈರ್ಯವೇನೂ ಇರಲಿಲ್ಲ. ಬೇರೆ ಥರ ಬರೆಯಲು ಬೇಕಾದ ಹುರುಪು ನನ್ನಲ್ಲಿ ಇರಲಿಲ್ಲ, ಅಷ್ಟೇ.

ಸಾಹೇಬರು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಟೇಪಿಂದು ಯಾಕ ಬರದಿಲ್ಲ? ಹಚ್ಚಸಿದಾವ ನಾನು. ಅದನೂ ಬರಿ," ಎಂದರು. ಬರೆದೆ. ಸಹಿ ಮಾಡಿದರು.

ಮರುವಾರ ಮಟಮಟ ಮಧ್ಯಾಹ್ನ ಅಂಗಳದ ಪತ್ರಾಸಿನ ಗ್ಯಾರೇಜಿನಲ್ಲಿ ಮತ್ತೆ ಕ್ಯಾಮೆರಾ ಹಿಡಿದೆವು. ಹುಬ್ಬಳ್ಳಿಯವರನ್ನು ಕರೆಸಲಿಲ್ಲ. ಕಾಕಾ ತಾವಾಗಿಯೇ ಗೋಣಿಯೊಂದನ್ನು ತೊಟ್ಟಿಯಲ್ಲಿ ಅದ್ದಿ ಹೊದ್ದುಕೊಂಡು ನೆಲದ ಮೇಲೆ ಮಲಗಿದರು. ಬಟನ್ನು ಒಂದೊಂದೇ ಸಲ ಒತ್ತಿ ನೋಡಿದೆವು. ಬಿಸಿ ಬೆಳ್ಳಗೆ ಇಟ್ಟಾಗ ಕಾಕಾ ನೆಲದ ಮೇಲೆ ಚೆಲ್ಲಿದ ನೀರಿನ ಹಾಗೇ ಇದ್ದರು. ಗೋಣಿ ತೆಗೆಸಿ ನೋಡಿದೆವು. ಆಗಲೂ ಗೋಡೆಗಿಂತ ಕಪ್ಪಗೇ ಇದ್ದರು. ಯಾರೂ ತಮಾಷೆ ಮಾಡಲಿಲ್ಲ. ಕಾಕಾ ಎದ್ದು ಮೈಮೇಲಿನ ನಾರು ಝಾಡಿಸಿಕೊಂಡರು. ಆಮೇಲೆ ಒಂದು ಕ್ರಮ ಮಾಡಿಕೊಂಡೆವು. ಒಳಗೆ ಹೋಗುವ ಮೊದಲು ಹೊರಗೆ ನಿಂತ ಒಬ್ಬ ಮನುಷ್ಯನ ಕಡೆ, ಆಮೇಲೆ ಗೋಡೆಯ ಕಡೆ ಕ್ಯಾಮೆರಾ ತಿರುಗಿಸಿ ನೋಡಬೇಕು. ಆ ಹೊತ್ತಿಗೆ ಯಾವುದು ಬೆಳ್ಳಗೆ, ಯಾವುದು ಕಪ್ಪು ಎಂದು ಜೋಡಿಯವನಿಗೆ ಬಾಯಿಬಿಟ್ಟು ಹೇಳಬೇಕು. ಮನುಷ್ಯನ ಆಕಾರದ್ದು ಏನೇ ಕಂಡರೂ ಕೈಯಿಂದ ಮುಟ್ಟಿಯೇ ಮುಂದೆ ಹೋಗಬೇಕು. ನಾಲ್ಕೈದು ಸೆಕೆಂಡಿನ ಕೆಲಸ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಹಿರಿಯ ನೆಗೆಣ್ಣಿ ಠಾಣೆಗೆ ಬಂದಳು. ಪರಿಹಾರದ ಅರ್ಜಿಗೆ ನಮ್ಮ ವರದಿಯ ನಕಲು ಬೇಕಿತ್ತು. ನಕಲು ಮಾಡಿಸಿ ಕೊಟ್ಟೆ. ತೆಗೆದುಕೊಂಡವಳು ಬೆಂಚಿನಿಂದ ಏಳಲಿಲ್ಲ.

"ನನಗ ಓದಾಕ ಬರೂದಿಲ್ಲ ಯಣ್ಣಾ. ಏನ ಬರದೀರಿ, ಓದಿ ಹೇಳ್ರಿ."

ಓದಿದೆ. ವರದಿಯ ಕನ್ನಡ ಅವಳಿಗೆ ತಿಳಿಯಲಿಕ್ಕಿಲ್ಲ ಎಂದು ಒಂದೊಂದು ಸಾಲು ಓದಿ, ಅದನ್ನೇ ಮನೆಮಾತಿನಲ್ಲಿ ಹೇಳಿದೆ. 'ಮೊದಲ ಪ್ರವೇಶದಲ್ಲಿ ಯಾರೂ ಕಂಡುಬರಲಿಲ್ಲ' ಎಂಬಲ್ಲಿಗೆ ಬಂದಾಗ ನಿಲ್ಲಲಿಲ್ಲ. "ಆಕಿ ಬಾಜೂಕಿಂದನ ಹಾದ ಹೋದೆ ಬೇ ನಾನು. ನೀರು ಅಂತ ತಿಳಕೊಂಡೆ," ಎಂದೆ. ಅದು ವರದಿಯಲ್ಲಿ ಇರಲಿಲ್ಲ.

ಅವಳು ಅಂಗಳದ ಕಡೆ ನೋಡುತ್ತಿದ್ದಳು. "ಆಕಿನ್ನ ಮಲಗಾಕ ಕಳಸಿದ್ದು ಇದರಾಗ ಬರದೀರೇನು? ನಾನ ಕಳಸಿದ್ದು?" ಎಂದು ಕೇಳಿದಳು.

"ಇಲ್ಲ. ತಲಿನೋವಂತ ಮಲಗಿದ್ಲು ಅಂತ ಅಷ್ಟ ಐತಿ."

"ಹೂಂ," ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು ತಿಕೋಟಾ ಬಸ್ಸಿಗೆ ಹೋದಳು.

ಮುಂದಿನ ದ್ರಾಕ್ಷಿ ಹಂಗಾಮಿನಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ಶೆಡ್ಡುಗಳನ್ನು ತಪಾಸಣೆ ಮಾಡಲು ನಮ್ಮನ್ನು ಕಳಿಸಿದರು. ಆ ಶೆಡ್ಡನ್ನು ಮತ್ತೆ ಕಟ್ಟಿದ್ದರು, ಹಿಂಭಾಗದಲ್ಲೂ ಒಂದು ಬಾಗಿಲು ಇಟ್ಟಿದ್ದರು. ಹಿರಿಯ ನೆಗೆಣ್ಣಿ ಆ ಬಾಗಿಲ ಹತ್ತಿರ ಕೂತು ಕಡ್ಡಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದು, ಒಂದು ತಂಬಿಗೆ ನೀರು ತಂದು ಕೊಟ್ಟಳು. ಬಬಲೇಶ್ವರ ಕುಡಿದು ನನಗೆ ಕೊಟ್ಟ. ನಾನು ಕುಡಿದೆ. ಬಾಗಿಲು ಹೊರಗಡೆಗೆ ಸರಿಯಾಗಿ ತೆರೆಯುತ್ತದೆಯೋ ಎಂದು ಎರಡು ಸಲ ತೆರೆದು ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಶೆಡ್ಡಿಗೆ ಹೋದೆವು.